ಬಹುಮಾನದ ಆಸೆ, ನೋಟದ ಶ್ರದ್ಧೆ

ವ್ಯಂಗ್ಯಚಿತ್ರಕಾರ ಶಂಕರ್ 1949ರಲ್ಲಿ ದೆಹಲಿಯಲ್ಲಿ ಆರಂಭಿಸಿದ ಮಕ್ಕಳ ಚಿತ್ರಸ್ಪರ್ಧೆ ಮುಂದೆ ಅಂತರರಾಷ್ಟ್ರೀಯ ಮನ್ನಣೆ ಪಡೆಯಿತು. 1972ರ ಜೂನ್ 5ರಂದು ಸ್ಟಾಕ್‌ಹೋಮ್‌ನಲ್ಲಿ ಆರಂಭವಾದ ವಿಶ್ವಸಂಸ್ಥೆಯ ಸಮ್ಮೇಳನದ ನೆನಪಿಗೆ ವಿಶ್ವ ಪರಿಸರ ದಿನ ಆಚರಣೆಗೆ ಬಂದ ಮೇಲೆ, ಆ ದಿನ ಪರಿಸರವನ್ನೇ ವಸ್ತುವಾಗಿಟ್ಟು ಮಕ್ಕಳಿಂದ ಚಿತ್ರ ಬರೆಸುವುದು ನಮ್ಮ ಶಾಲೆಗಳಲ್ಲಿ ರೂಢಿಯಾಯಿತು. 1976ರ 42ನೆಯ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ 51ಎ ವಿಧಿಯು ಕಾಡು, ಕೆರೆ, ನದಿ, ವನ್ಯಜೀವಿಗಳನ್ನು ಕಾಪಾಡುವುದರ ಜೊತೆಗೆ ಜೀವಿಗಳಲ್ಲಿ ಕರುಣೆ ಇರಿಸಿಕೊಳ್ಳುವುದನ್ನೂ ಪ್ರಜೆಯ ಮೂಲಭೂತ ಕರ್ತವ್ಯವೆನ್ನುತ್ತದೆ. ಕಾಪಾಡಬೇಕೆಂದು ಕಾನೂನು ಕಟ್ಟುಮಾಡಬಹುದು; ಕರುಣೆಯಾದರೋ ಒಳಗಿನಿಂದ ಹುಟ್ಟಬೇಕಾದ ಭಾವ. ಅದನ್ನು ಪದಕಕ್ಕಾಗಿ ನಡೆಯುವ ಪೈಪೋಟಿಯಿಂದ ಬೆಳೆಸಲು ಸಾಧ್ಯವೇ ಎಂಬುದು ಧರ್ಮಜಿಜ್ಞಾಸೆಗೆ ಸೇರಿದ ಪ್ರಶ್ನೆ.

ಆಕ್ಷೇಪ ಬಲವಾದದ್ದೇ. ಫಲದ ಮೇಲಿನ ಆಸೆಯನ್ನು ಬಿಟ್ಟು ಮಾಡುವ ಕರ್ಮವನ್ನು, ಎಂದರೆ ನಿಷ್ಕಾಮಕರ್ಮವನ್ನು, ಭಗವದ್ಗೀತೆ ಎತ್ತಿಹಿಡಿಯುತ್ತದೆ. ಮದನಪಲ್ಲಿಯಲ್ಲಿ ಹುಟ್ಟಿ ಶಿಕ್ಷಣದ ಬಗ್ಗೆ ಆಳವಾಗಿ ಚಿಂತಿಸಿದ ಜಿಡ್ಡು ಕೃಷ್ಣಮೂರ್ತಿಯವರು, ಒಂದು ಮಗುವನ್ನು ಇನ್ನೊಂದರೊಡನೆ ಹೋಲಿಸುವುದೇ ಕಲಿಕೆಗೆ ಕೇಡೆಂದು ಮತ್ತೆ ಮತ್ತೆ ಹೇಳಿದರು. ಆದರೆ ಇಲ್ಲಿ ಭಾರತೀಯ ದರ್ಶನಗಳು ಮಾಡುವ ಒಂದು ವಿಭಾಗ ನೆರವಿಗೆ ಬರುತ್ತದೆ. ಮಡಕೆಗೆ ಮಣ್ಣು ಉಪಾದಾನ ಕಾರಣ, ಅಂದರೆ ಅದು ಯಾವುದರಿಂದ ಆಗಿದೆಯೋ ಅದು; ಕುಂಬಾರ ನಿಮಿತ್ತ ಕಾರಣ, ಅಂದರೆ ಅದನ್ನು ಆಗಿಸಿದವನು. ಪರಿಸರದ ಅರಿವಿಗೆ ಬಹುಮಾನ ನಿಮಿತ್ತವಾಗಬಹುದೇ ಹೊರತು ಉಪಾದಾನವಾಗಲಾರದು. ಆ ಸ್ಥಾನ ಮಗುವಿನ ನೋಟಕ್ಕೆ ಮಾತ್ರ ಸಲ್ಲುತ್ತದೆ. ನೋಟವೇ ಇಲ್ಲದ ಕಡೆ ನಿಮಿತ್ತ ಎಷ್ಟೇ ಆಕರ್ಷಕವಾಗಿದ್ದರೂ ಅರಿವು ಹುಟ್ಟುವುದಿಲ್ಲ.

ಈ ನೋಟದ ಮಹತ್ವವನ್ನು ಭಾರತೀಯ ಕಲಾಶಾಸ್ತ್ರ ಬಹು ಹಿಂದೆಯೇ ಗುರುತಿಸಿತ್ತು. ವಿಷ್ಣುಧರ್ಮೋತ್ತರ ಪುರಾಣದ ಮೂರನೆಯ ಖಂಡದಲ್ಲಿ ಬರುವ ಚಿತ್ರಸೂತ್ರ, ಅಂದರೆ ಚಿತ್ರಕಲೆಯ ನಿಯಮಗಳನ್ನು ಹೇಳುವ ಭಾಗ, ಮಾರ್ಕಂಡೇಯನು ವಜ್ರರಾಜನಿಗೆ ಮಾಡುವ ಉಪದೇಶದ ರೂಪದಲ್ಲಿದೆ. ಋತುಗಳನ್ನು ಚಿತ್ರಿಸುವ ಬಗೆಯನ್ನು ಅದು ಹೇಳುವಾಗ ಗ್ರೀಷ್ಮಕ್ಕೆ ಬಳಲಿದ ಜನ, ನೆರಳಿಗೆ ಸರಿದ ಜಿಂಕೆ, ಕೆಸರು ಮೆತ್ತಿದ ಎಮ್ಮೆ, ಬತ್ತಿದ ಕೆರೆ ಬೇಕೆನ್ನುತ್ತದೆ. ಅಲೆ, ಜ್ವಾಲೆ, ಹೊಗೆಗಳ ಚಲನೆಯನ್ನು ಬರೆಯಬಲ್ಲವನನ್ನೂ, ಮಲಗಿದವನಿಗೂ ಸತ್ತವನಿಗೂ ಇರುವ ವ್ಯತ್ಯಾಸವನ್ನು ಕಾಣಿಸಬಲ್ಲವನನ್ನೂ ನಿಜವಾದ ಚಿತ್ರಜ್ಞನೆಂದು ಹೊಗಳುತ್ತದೆ. ಬೇಸಗೆ ಎಂಬ ಕಲ್ಪನೆಯನ್ನು ಅದು ಕಲಾವಿದನಿಂದ ಬೇಡುವುದಿಲ್ಲ. ಬೇಸಗೆಯಲ್ಲಿ ಎಮ್ಮೆಗೆ ಏನಾಗುತ್ತದೆ ಎಂಬುದನ್ನು ಕೇಳುತ್ತದೆ. ಹಾಗೆ ಕೇಳಿದಾಗ ಬರೆಯುವವನು ಆ ಪ್ರಾಣಿಯ ಬವಣೆಯೊಳಗೆ ಸ್ವಲ್ಪ ಹೊತ್ತಾದರೂ ನಿಲ್ಲಲೇಬೇಕಾಗುತ್ತದೆ, ಮತ್ತು ಸಂವಿಧಾನ ಕರುಣೆ ಎಂದು ಕರೆದದ್ದು ಮೊಳೆಯುವುದು ಅಲ್ಲಿಯೇ.

ಇಂದಿನ ಬಹುಪಾಲು ಸ್ಪರ್ಧೆಗಳು ಎಡವುವುದು ಈ ಹಂತದಲ್ಲಿ ಎಂಬುದನ್ನು ನೋವಿನಿಂದಲೇ ಹೇಳಬೇಕಾಗಿದೆ. ಕಣ್ಣೀರಿಡುವ ಭೂಗೋಳ, ಎರಡು ಅಂಗೈಗಳ ನಡುವಿನ ಸಸಿ, ಅರ್ಧ ಹಸಿರು ಅರ್ಧ ಒಣಗಿದ ಮರ: ಈ ಚಿತ್ರಗಳನ್ನು ಮಗು ಎಲ್ಲಿಯೂ ಕಂಡು ಬರೆದದ್ದಲ್ಲ, ಭಿತ್ತಿಪತ್ರಗಳಿಂದ ಎತ್ತಿಕೊಂಡದ್ದು. ಪ್ರಮಾಣಶಾಸ್ತ್ರದ, ಅಂದರೆ ಅರಿವಿನ ಸಾಧನಗಳನ್ನು ವಿಚಾರಿಸುವ ಶಾಸ್ತ್ರದ, ಮಾತಿನಲ್ಲಿ ಹೇಳುವುದಾದರೆ ಇಲ್ಲಿ ಪ್ರತ್ಯಕ್ಷದ ಸ್ಥಾನವನ್ನು ಕೇಳಿದ ಮಾತು ಆಕ್ರಮಿಸಿದೆ. ಮನೆಯ ಮುಂದಿನ ಹೊಂಗೆ ಯುಗಾದಿಯ ಆಸುಪಾಸಿನಲ್ಲಿ ಎಂಥ ಬಣ್ಣದ ಚಿಗುರು ಬಿಡುತ್ತದೆಂದು ಗಮನಿಸದ ಮಗು ಭೂಮಿಯನ್ನು ಉಳಿಸುವ ಚಿತ್ರಕ್ಕೆ ಬಹುಮಾನ ಪಡೆದರೆ, ಅದು ಕಲಿಯುವುದು ಪರಿಸರವನ್ನಲ್ಲ, ತೀರ್ಪುಗಾರರ ಅಭಿರುಚಿಯನ್ನು.

ಆದ್ದರಿಂದ ಸ್ಪರ್ಧೆಯನ್ನು ಕೈಬಿಡಬೇಕಾದ ಅಗತ್ಯವಿಲ್ಲ, ಅದರ ಕ್ರಮವನ್ನು ಬದಲಿಸಬೇಕು. ಸಭಾಂಗಣದಲ್ಲಿ ಘೋಷವಾಕ್ಯ ಕೊಟ್ಟು ಬರೆಸುವ ಬದಲು ಮಕ್ಕಳನ್ನು ಊರಿನ ಕೆರೆಯ ದಂಡೆಗೆ ಕರೆದೊಯ್ದು, ಮೊದಲ ಗಂಟೆ ಬಣ್ಣ ಮುಟ್ಟದೆ ನೀರು, ಜೊಂಡು, ಕೊಕ್ಕರೆ, ಮಿಂಚುಳ್ಳಿ ಮತ್ತು ದಡಕ್ಕೆ ಬಂದು ನಿಂತ ಕಸವನ್ನು ನೋಡಲು ಬಿಡಬೇಕು; ಬಂದ ಚಿತ್ರಗಳನ್ನೆಲ್ಲ ಒಂದೂ ಬಿಡದೆ ಪ್ರದರ್ಶಿಸಬೇಕು; ರೇಖೆಯ ನಯಕ್ಕಿಂತ ಕಂಡದ್ದರ ನಿಜಕ್ಕೆ ಹೆಚ್ಚು ಅಂಕ ಸಲ್ಲಬೇಕು. ಮುಂದಿನ ಜೂನ್ ಐದಕ್ಕೆ ಸ್ಪರ್ಧೆ ಏರ್ಪಡಿಸುವ ಶಿಕ್ಷಕರು ಇಷ್ಟನ್ನಾದರೂ ಮಾಡಲಿ.