ಜಾಗ ಬಿಟ್ಟುಕೊಟ್ಟವರ ಗೆಲುವು

ಇವತ್ತು ಸೋಲಿಸಿದ ಎದುರಾಳಿಯೇ ಎರಡು ದಿನ ಬಿಟ್ಟು ಮತ್ತೆ ಎದುರು ನಿಂತರೆ ಏನು ಮಾಡಬೇಕು? ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಪ್ಲೇಆಫ್ ಸರಣಿಯ ರುಚಿಯೆಲ್ಲ ಇರುವುದು ಈ ಪ್ರಶ್ನೆಯಲ್ಲೇ. ಏಳು ಪಂದ್ಯಗಳಲ್ಲಿ ಮೊದಲು ನಾಲ್ಕು ಗೆದ್ದವರಿಗೆ ಸರಣಿ. ಒಂದೆರಡು ಪಂದ್ಯ ಮುಗಿಯುವಷ್ಟರಲ್ಲಿ ಒಬ್ಬರ ಗುಟ್ಟು ಇನ್ನೊಬ್ಬರಿಗೆ ರಟ್ಟಾಗಿರುತ್ತದೆ. ದೂರದಿಂದ ಗುರಿಯಿಡಲಾರದವನು ಯಾರು, ಕೊನೆಯ ಹೊತ್ತಿಗೆ ಏದುಸಿರು ಬಿಡುವವನು ಯಾರು, ಎಲ್ಲವೂ ವಿಡಿಯೋದಲ್ಲಿ ಸಿಗುತ್ತದೆ. ಅಲ್ಲಿಂದ ಮುಂದೆ ಬೇಗ ಬದಲಾಗಬಲ್ಲ ತಂಡದ ಕೈ ಮೇಲಾಗುತ್ತದೆ.

2015ರ ಫೈನಲ್ ನೋಡಿ. ಲೀಗ್‌ನಲ್ಲಿ 67 ಪಂದ್ಯ ಗೆದ್ದು ಬಂದಿದ್ದ ಗೋಲ್ಡನ್ ಸ್ಟೇಟ್ ವಾರಿಯರ್ಸ್, ಲೆಬ್ರಾನ್ ಜೇಮ್ಸ್ ಇದ್ದ ಕ್ಲೀವ್‌ಲ್ಯಾಂಡ್ ತಂಡದೆದುರು 1–2ರಿಂದ ಹಿಂದೆ ಬಿದ್ದಿತ್ತು. ಕ್ಲೀವ್‌ಲ್ಯಾಂಡ್‌ನವರು ಆಟದ ವೇಗವನ್ನೇ ತಗ್ಗಿಸಿ ವಾರಿಯರ್ಸ್‌ನ ಕೈಕಟ್ಟಿ ಹಾಕಿದ್ದರು. ಆಗ ವಾರಿಯರ್ಸ್‌ನ ವಿಡಿಯೋ ಕೆಲಸ ನೋಡಿಕೊಳ್ಳುತ್ತಿದ್ದ ನಿಕ್ ಯುರೆನ್ ಎಂಬ 28ರ ಯುವಕ, ಹಿಂದಿನ ವರ್ಷದ ಫೈನಲ್‌ನಲ್ಲಿ ಸ್ಯಾನ್ ಆಂಟೋನಿಯೋ ತಂಡ ಮಾಡಿದ್ದ ಬದಲಾವಣೆಯನ್ನು ಕಂಡು ಒಂದು ಸಲಹೆ ಕೊಟ್ಟ: ಏಳಡಿ ಎತ್ತರದ ಸೆಂಟರ್ ಆ್ಯಂಡ್ರ್ಯೂ ಬೋಗಟ್‌ನನ್ನು ಕೂರಿಸಿ, ಆರೂವರೆ ಅಡಿಯ ಆಂಡ್ರೆ ಇಗ್ವಡಾಲನನ್ನು ಮೊದಲಿನಿಂದಲೇ ಆಡಿಸೋಣ, ಎತ್ತರ ಹೋದರೂ ವೇಗ ಬರುತ್ತದೆ. ತಂಡದ ಕಿರಿಯ ಸಿಬ್ಬಂದಿ ಹೇಳಿದ ಮಾತೆಂದು ಕೋಚ್ ಸ್ಟೀವ್ ಕೆರ್ ತಳ್ಳಿಹಾಕಲಿಲ್ಲ. ನಾಲ್ಕನೇ ಪಂದ್ಯವನ್ನು ವಾರಿಯರ್ಸ್ 103–82ರಿಂದ ಗೆದ್ದಿತು.

ಆ ಪಂದ್ಯದಲ್ಲಿ ಕ್ಲೀವ್‌ಲ್ಯಾಂಡ್‌ನ ಎತ್ತರದ ಆಳು ಟಿಮೊಫೇ ಮೊಜ್ಗೊವ್ 28 ಅಂಕ ಗಳಿಸಿದ್ದ. ಆದರೂ ಐದನೇ ಪಂದ್ಯದಲ್ಲಿ ಅವರ ಕೋಚ್ ಅವನನ್ನು ಬಹುಪಾಲು ಹೊರಗೇ ಕೂರಿಸಿದರು. ಎದುರಾಳಿ ಚಿಕ್ಕದಾಯಿತೆಂದು ತಾವೂ ಚಿಕ್ಕದಾಗಲು ಹೊರಟು, ತಮ್ಮ ಬಲವನ್ನು ಕೈಯಾರೆ ಕೆಳಗಿಟ್ಟರು. ವಾರಿಯರ್ಸ್ 4–2ರಿಂದ ಸರಣಿ ಗೆದ್ದು 40 ವರ್ಷಗಳ ಬರ ನೀಗಿಸಿಕೊಂಡಿತು.

ಈ ಕಥೆಯನ್ನು ಕೋಚ್‌ನ ಜಾಣತನದ ಕಥೆಯೆಂದೇ ಹೇಳುತ್ತಾರೆ. ನನಗೆ ದೊಡ್ಡವರಾಗಿ ಕಾಣುವವರು ಆ ಇಬ್ಬರು ಆಟಗಾರರು. ಇಗ್ವಡಾಲ ಆ ವರ್ಷದ ಲೀಗ್‌ಗೂ ಮೊದಲು ಆಡಿದ 758 ಲೀಗ್ ಪಂದ್ಯಗಳಲ್ಲೂ ಆರಂಭದ ಐವರಲ್ಲಿ ಒಬ್ಬನಾಗಿದ್ದವನು. ಆ ವರ್ಷ ಇಡೀ ಲೀಗ್ ಬೆಂಚಿನ ಮೇಲಿಂದ ಎದ್ದು ಬಂದು ಆಡಿದ. ಫೈನಲ್‌ನ ಶ್ರೇಷ್ಠ ಆಟಗಾರ ಪ್ರಶಸ್ತಿ ಅವನಿಗೇ ಒಲಿಯಿತು. ಬೋಗಟ್ ಕೊನೆಯ ಎರಡು ಪಂದ್ಯಗಳಲ್ಲಿ ಅಂಗಳಕ್ಕೇ ಇಳಿಯಲಿಲ್ಲ. ತಂತ್ರವನ್ನು ಹಲಗೆಯ ಮೇಲೆ ಬರೆಯುವುದು ಸುಲಭ. ಅದಕ್ಕಾಗಿ ತನ್ನ ಜಾಗ ಬಿಡುವವನು ಇದ್ದರೆ ಮಾತ್ರ ಅದಕ್ಕೆ ಜೀವ ಬರುತ್ತದೆ.

ಇದನ್ನು ಕ್ರಿಕೆಟ್‌ನಲ್ಲಿ ನಮ್ಮ ಬೆಂಗಳೂರಿನ ರಾಹುಲ್ ದ್ರಾವಿಡ್ ಅದಕ್ಕೂ ಮೊದಲೇ ತೋರಿಸಿಕೊಟ್ಟಿದ್ದರು. 2001ರಲ್ಲಿ ಸತತ 15 ಟೆಸ್ಟ್ ಗೆದ್ದು ಬಂದಿದ್ದ ಆಸ್ಟ್ರೇಲಿಯ, ಮೂರು ಪಂದ್ಯಗಳ ಸರಣಿಯ ಮೊದಲನೆಯದನ್ನು ಮುಂಬೈನಲ್ಲಿ ಮೂರೇ ದಿನದಲ್ಲಿ ಮುಗಿಸಿತ್ತು. ಕೋಲ್ಕತ್ತದಲ್ಲಿ ಭಾರತದ ಮೇಲೆ ಫಾಲೋ ಆನ್ ಹೇರಲಾಯಿತು. ಮೊದಲ ಇನಿಂಗ್ಸ್‌ನಲ್ಲಿ ಆರನೆಯವರಾಗಿ ಬಂದು 59 ಹೊಡೆದಿದ್ದ ಲಕ್ಷ್ಮಣ್ ಅವರನ್ನು ಮೂರಕ್ಕೆ ಏರಿಸಿ, ಮೂರರಲ್ಲಿದ್ದ ದ್ರಾವಿಡ್ ಅವರನ್ನು ಆರಕ್ಕೆ ಇಳಿಸಿದರು. ಬ್ಯಾಟ್ಸ್‌ಮನ್‌ಗೆ ಮೂರನೇ ಸ್ಥಾನವೆಂದರೆ ಮರ್ಯಾದೆಯ ಜಾಗ. ಅದು ಹೋದ ನೋವನ್ನು ದ್ರಾವಿಡ್ ದುಡಿಮೆಯಾಗಿ ಮಾರ್ಪಡಿಸಿದರು. ನಾಲ್ಕನೇ ದಿನ ಬೆಳಗಿನಿಂದ ಸಂಜೆಯವರೆಗೆ ಒಂದು ವಿಕೆಟ್ಟೂ ಬೀಳಲಿಲ್ಲ. ಇಬ್ಬರೂ ಸೇರಿ 376 ರನ್. ಲಕ್ಷ್ಮಣ್ 281, ದ್ರಾವಿಡ್ 180. ಭಾರತ 171 ರನ್‌ಗಳಿಂದ ಗೆದ್ದಿತು, ಚೆನ್ನೈನಲ್ಲೂ ಗೆದ್ದು ಸರಣಿ ತನ್ನದಾಗಿಸಿಕೊಂಡಿತು.

ಹುಣಸೂರು ತಾಲ್ಲೂಕಿನ ಗಾವಡಗೆರೆ ಹೋಬಳಿಯ ಮಕ್ಕಳಿಗೂ ಈ ಪಾಠ ದೂರದ್ದಲ್ಲ. ಹುಣಸೂರು, ಪಿರಿಯಾಪಟ್ಟಣದ ಕಡೆ ಹಳ್ಳಿ ಶಾಲೆಗಳಲ್ಲಿ ಬ್ಯಾಸ್ಕೆಟ್‌ಬಾಲ್ ಅಂಗಳ ಹುಡುಕಬೇಕು. ಆದರೆ ಎರಡು ಕಂಬ ನೆಟ್ಟು ನೆಟ್ ಕಟ್ಟಿದರೆ ವಾಲಿಬಾಲ್ ಸಿದ್ಧ. ವಾಲಿಬಾಲಿನ ಪ್ರತಿ ಸೆಟ್ಟೂ ಹೊಸ ಲೆಕ್ಕ. ಸೆಟ್ ಶುರುವಾಗುವ ಮುನ್ನ ಆರು ಜನರ ಸರದಿಯನ್ನು ಚೀಟಿಯಲ್ಲಿ ಬರೆದು ಕೊಡಬೇಕು, ಪ್ರತಿ ಸೆಟ್ಟಿಗೂ ಅದನ್ನು ಬದಲಿಸಬಹುದು. ಹೋಬಳಿ ಮಟ್ಟದ ಕ್ರೀಡಾಕೂಟದಲ್ಲಿ ಮೊದಲ ಸೆಟ್ ಸೋತ ತಂಡದ ಬಳಿ ಪಿ.ಟಿ. ಮಾಸ್ಟರು ಬರುತ್ತಾರೆ. ಬೆವರು ಒರೆಸಿಕೊಳ್ಳುತ್ತಿರುವ ಎತ್ತರದ ಹುಡುಗನಿಗೆ, 'ಈ ಸಲ ಸ್ಮ್ಯಾಶ್ ಹೊಡೀಬೇಡ, ಲಿಫ್ಟ್ ಮಾಡ್ಕೊಡು' ಅನ್ನುತ್ತಾರೆ. ಅವನ ಹೊಡೆತಕ್ಕೆ ಶಿಳ್ಳೆ ಹಾಕಲೆಂದೇ ಊರಿನ ಗೆಳೆಯರು ಬಂದು ನಿಂತಿರುತ್ತಾರೆ. ಆದರೂ ಹುಡುಗ 'ಆಯ್ತು ಸಾರ್' ಅಂದರೆ ತಂಡ ಅರ್ಧ ಗೆದ್ದಂತೆ. ಮುಖ ಗಂಟಿಕ್ಕಿಕೊಂಡರೆ ಎಂಥ ತಂತ್ರವೂ ಮಣ್ಣುಪಾಲು.

ಹಾಗಾಗಿ ಶಿಕ್ಷಕರಲ್ಲಿ, ತಂದೆತಾಯಿಯರಲ್ಲಿ ಒಂದು ಮನವಿ. ಬಹುಮಾನ ಕೊಡುವ ಹೊತ್ತಿನಲ್ಲಿ ಅಂಕ ತಂದವನ ಹೆಸರು ಮೈಕಿನಲ್ಲಿ ಬಂದೇ ಬರುತ್ತದೆ. ತಂಡಕ್ಕಾಗಿ ಜಾಗ ಬಿಟ್ಟವನ ಹೆಸರನ್ನೂ, ಅವನು ಏನು ಬಿಟ್ಟುಕೊಟ್ಟ ಎಂಬುದನ್ನೂ ಅದೇ ಮೈಕಿನಲ್ಲಿ ಹೇಳಿ. ಒಂದು ಸಲ ಹಾಗೆ ಹೆಸರು ಕೇಳಿಸಿಕೊಂಡ ಮಗು ಮುಂದೆ ಮನೆಯಲ್ಲಿ, ಸಂಘದಲ್ಲಿ, ಊರ ಕೆಲಸದಲ್ಲಿ ಎರಡನೆಯವನಾಗಿ ನಿಲ್ಲಲು ಹಿಂಜರಿಯುವುದಿಲ್ಲ.