ಹಕ್ಕಿಯ ಹೆಸರಿನ ಷಷ್ಠೀ ವಿಭಕ್ತಿ

1861ರಲ್ಲಿ ಅಮೆರಿಕದ ಕೊಲರಾಡೊ ನದಿಯ ದಂಡೆಯ ಪುಟ್ಟ ಬೂದು ಹಕ್ಕಿಯೊಂದಕ್ಕೆ ಜೇಮ್ಸ್ ಕೂಪರ್ ‘ಲೂಸಿಯೇ’ ಎಂದು ಹೆಸರಿಟ್ಟರು. ಲೂಸಿ ಆಗ 13ರ ಹುಡುಗಿ, ಸ್ಮಿತ್‌ಸೋನಿಯನ್ ಸಂಸ್ಥೆಯ ಪಕ್ಷಿತಜ್ಞ ಸ್ಪೆನ್ಸರ್ ಬೇರ್ಡ್ ಅವರ ಒಬ್ಬಳೇ ಮಗಳು. ತಂದೆಗೆ ಸಲ್ಲಬೇಕಾದ ಗೌರವ ಮಗಳ ಹೆಸರಿನಲ್ಲಿ ಸಂದಿತು. 20 ವರ್ಷಗಳ ನಂತರ ಎ. ಒ. ಹ್ಯೂಮ್, ಕಾಂಗ್ರೆಸ್ ಕಟ್ಟಿದವರೆಂದು ನಾವು ಬಲ್ಲ ಅದೇ ಹ್ಯೂಮ್, ಮಣಿಪುರದ ಉದ್ದ ಬಾಲದ ಫೆಸೆಂಟ್ ಒಂದಕ್ಕೆ ಹೆಂಡತಿಯ ನೆನಪಿಗೆಂದು ‘ಹ್ಯೂಮಿಯೇ’ ಎಂಬ ಹೆಸರು ಕೊಟ್ಟರು. ಕೊನೆಯ ಆ ಏಕಾರ ಲ್ಯಾಟಿನ್ನಿನ ಷಷ್ಠೀ ವಿಭಕ್ತಿ: ಲೂಸಿಯ ಹಕ್ಕಿ, ಶ್ರೀಮತಿ ಹ್ಯೂಮ್ ಅವರ ಹಕ್ಕಿ. ನನ್ನ ತಕರಾರು ಆ ವಿಭಕ್ತಿಯ ಬಗ್ಗೆ. ಮಣಿಪುರದ ಜನ ಆ ಹಕ್ಕಿಯನ್ನು ‘ನೊಂಗಿನ್’ ಎಂದು ಕರೆಯುತ್ತಾರೆ. ಈಗ ಅದು ಅವರ ರಾಜ್ಯಪಕ್ಷಿ. ತನ್ನದಲ್ಲದ್ದನ್ನು ಮನೆಯವರಿಗೆ ಬರೆದುಕೊಡುವ ಅಧಿಕಾರ ಮೊದಲು ವರ್ಣಿಸಿದವನಿಗೆ ಎಲ್ಲಿಂದ ಬಂತು?

ಷಷ್ಠಿ ಎಂದರೆ ಒಡೆತನವೊಂದೇ ಅಲ್ಲ ಎಂದು ಯಾರಾದರೂ ಹೇಳಬಹುದು. ‘ನನ್ನ ಊರು’ ಎಂದವನು ಊರನ್ನು ಕೊಂಡವನಲ್ಲ, ಊರಿಗೆ ಸೇರಿದವನು. ಈ ಮಾತನ್ನು ಒಪ್ಪುತ್ತೇನೆ. ಆದರೆ ಆಗ ಸಂಬಂಧ ನಿಜವಾಗಿ ಇರಬೇಕಾಗುತ್ತದೆ. ಎಲಿಜಬೆತ್ ಗೌಲ್ಡ್ ಮೂವರು ಎಳೆಯ ಮಕ್ಕಳನ್ನು ಇಂಗ್ಲೆಂಡಿನಲ್ಲಿ ಬಿಟ್ಟು, 1838ರಲ್ಲಿ ಗಂಡ ಜಾನ್ ಗೌಲ್ಡ್ ಜೊತೆ ಆಸ್ಟ್ರೇಲಿಯಾಕ್ಕೆ ಹೊರಟರು. ಗಂಡನ ಪಕ್ಷಿಗ್ರಂಥಗಳಿಗಾಗಿ ಅವರು ಬಿಡಿಸಿದ ಚಿತ್ರಗಳು ನೂರಾರು. ಹೆರಿಗೆಯ ಬೆನ್ನಿಗೇ 1841ರಲ್ಲಿ ತೀರಿಕೊಂಡರು. 1844ರಲ್ಲಿ ಜಾನ್ ಗೌಲ್ಡ್ ಹಸಿರು ಬೆನ್ನು, ನೇರಳೆ ಎದೆ, ಹಳದಿ ಹೊಟ್ಟೆಯ ಒಂದು ಮುನಿಯಾ ಜಾತಿಯ ಹಕ್ಕಿಗೆ ಅವರ ಹೆಸರಿಟ್ಟರು. ಹಕ್ಕಿಯ ಗರಿಗರಿಯನ್ನೂ ಕಣ್ಣಿಟ್ಟು ಬರೆದ ಕೈಗೆ ಸಂದ ಸಾಲ ಅದು. ಇಲ್ಲಿ ಷಷ್ಠಿ ಸುಳ್ಳಾಡುವುದಿಲ್ಲ. ಲೂಸಿಗೆ ಆ ಬೂದು ಹಕ್ಕಿಯೊಂದಿಗೆ ಅಂಥ ನಂಟಿರಲಿಲ್ಲ.

ಲಕ್ಷಾಂತರ ಜೀವಿಗಳಿಗೆ ಹೆಸರು ಬೇಕು, ಗುರುತಿಗೆ ಯಾವುದಾದರೇನು ಎಂಬುದು ಇನ್ನೊಂದು ವಾದ. ಯಾವುದಾದರೂ ಸರಿ ಎನ್ನುವುದಾದರೆ ಸಂಖ್ಯೆಯೇ ಸಾಕಿತ್ತು. ಅಕ್ಕರೆಯ ಹೆಸರನ್ನೇ ಹುಡುಕುವ ಮನಸ್ಸಿಗೆ ಹೆಸರು ಬರೀ ಗುರುತಲ್ಲವೆಂದು ಚೆನ್ನಾಗಿ ಗೊತ್ತು. ಅಲ್ಲದೆ ಮೊದಲು ಇಟ್ಟ ಹೆಸರೇ ನಿಲ್ಲಬೇಕೆಂಬುದು ಪ್ರಾಣಿಶಾಸ್ತ್ರದ ನಿಯಮ. 2023ರಲ್ಲಿ ಅಮೆರಿಕದ ಪಕ್ಷಿಶಾಸ್ತ್ರ ಸಂಘ ವ್ಯಕ್ತಿಗಳ ಮೇಲಿಟ್ಟ ಇಂಗ್ಲಿಷ್ ಹೆಸರುಗಳನ್ನು ಬದಲಿಸಲು ತೀರ್ಮಾನಿಸಿತು. ಲ್ಯಾಟಿನ್ನಿನ ‘ಲೂಸಿಯೇ’ ಮಾತ್ರ ಅಲ್ಲೇ ಉಳಿಯುತ್ತದೆ. ಬೇರೆ ದಾರಿ ಇಲ್ಲದಿಲ್ಲ. ಉತ್ತರ ಕನ್ನಡದ ತೊರೆಗಳಲ್ಲಿ ಒಂದು ಇರುಳುಗಪ್ಪೆ ಇದೆ. ಹೆಣ್ಣು ಮೊಟ್ಟೆಯಿಟ್ಟ ಮೇಲೆ ಗಂಡು ತನ್ನ ಮುಂಗೈಗಳಿಂದ ಕೆಸರು ಬಾಚಿ, ಹಿಂಗಾಲಿನ ಮೇಲೆ ಎದ್ದು, ಮೊಟ್ಟೆಗಳಿಗೆ ಮೆತ್ತುತ್ತದೆ. 2014ರಲ್ಲಿ ಕೆ. ವಿ. ಗುರುರಾಜ ಮತ್ತು ಸಂಗಡಿಗರು ಅದನ್ನು ‘ಕುಂಬಾರ’ ಎಂದರು. ಅಲ್ಲಿ ಷಷ್ಠಿಯೇ ಇಲ್ಲ, ಕಪ್ಪೆಯೇ ಕುಂಬಾರ.

ಲೂಸಿಗೆ ತಂದೆಯ ಬಳುವಳಿ ಹಾಗಾದರೆ ಎಲ್ಲಿ ಇತ್ತು? ಬೇರ್ಡ್ ತೀರಿಕೊಂಡ ಬಳಿಕ ಲೂಸಿ ತಂದೆಯ ಜೀವನಚರಿತ್ರೆಗೆಂದು ಕಾಗದಪತ್ರಗಳನ್ನು ಕೂಡಿಡತೊಡಗಿದಳು. ಕೆಲಸ ಮುಗಿಯುವುದನ್ನು ಆಕೆ ಕಾಣಲಿಲ್ಲ. 1915ರಲ್ಲಿ ವಿಲಿಯಂ ಡಾಲ್ ಆ ಗ್ರಂಥವನ್ನು ಹೊರತಂದಾಗ, ಅದರ ಅಡಿಗಟ್ಟು ಮಗಳು ಕೂಡಿಟ್ಟ ಆ ಕಾಗದಗಳೇ ಆಗಿದ್ದವು.