ವಿನಿಮಯವೂ ಪರಿಗ್ರಹವೂ

ಪರಿಗ್ರಹ ಪರಿಮಾಣ ವ್ರತ ಹಿಡಿದ ಶ್ರಾವಕ ಯುವಕನೊಬ್ಬನು ತನ್ನ ಎಲೆಕ್ಟ್ರಿಕ್ ಗಿಟಾರನ್ನು ಅಂಗಡಿಗೆ ಕೊಟ್ಟು, ಮೇಲೆ ಹಣ ತೆತ್ತು, ಹೊಸದನ್ನು ಪಡೆಯಬಯಸಿದರೆ ದೋಷವುಂಟೆ? ಎಣಿಕೆ ಒಂದೇ ಉಳಿಯುತ್ತದೆಂಬುದು ಅವನ ಸಮಾಧಾನ. ಆದರೆ ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ಪರಿಗ್ರಹವನ್ನು ಗುರುತಿಸಿರುವುದು ಮೂರ್ಛೆಯಲ್ಲಿ, ಎಂದರೆ ಮಮಕಾರದಲ್ಲಿ. ಸಮಂತಭದ್ರಾಚಾರ್ಯರು ಈ ವ್ರತದ 5 ಅತಿಚಾರಗಳಲ್ಲಿ ವಿಸ್ಮಯವನ್ನೂ, ಅಂದರೆ ಪರರ ವೈಭವಕ್ಕೆ ಬೆರಗಾಗುವುದನ್ನೂ ಎಣಿಸಿದ್ದಾರೆ.

ತಂತಿ ಸವೆದರೆ ಬದಲಿಸಬಹುದು. ಪಿಕಪ್ ಕೆಟ್ಟರೆ ದುರಸ್ತಿ ಮಾಡಿಸಬಹುದು. ಸವೆದಿರುವುದು ತೃಪ್ತಿಯಾದರೆ ಹೊಸ ವಾದ್ಯವೂ ಬೇಗನೆ ಹಳತಾಗುವುದು. ಹಾಗೆಂದು ನುಡಿಸದ ವಾದ್ಯವನ್ನು ಬಿಡಲಾರದೆ ಕಾಪಿಡುವುದೂ ಮೂರ್ಛೆಯೇ.

ಆದುದರಿಂದ ಒಂದು ಚಾತುರ್ಮಾಸ ಆ ಬಯಕೆಗೇ ಉಪವಾಸವಿರಲಿ. ಅನಂತರವೂ ಅಗತ್ಯ ಉಳಿದಿದ್ದು, ತೆರುವ ಹಣವೂ ನಿಶ್ಚಯಿಸಿದ ಮಿತಿಯೊಳಗಿದ್ದರೆ ವಿನಿಮಯವಾಗಲಿ. ಆಸೆಯೊಂದೇ ಉಳಿದಿದ್ದರೆ ಬಿಡತಕ್ಕದ್ದು ಗಿಟಾರನ್ನಲ್ಲ, ಆ ಆಸೆಯನ್ನು.